ಶೈತ್ಯೀಕರಣ ಮತ್ತು ಹವಾನಿಯಂತ್ರಣ ಕೆಲಸ: ಮೊದಲು ಕೊಳ್ಳಬೇಕಾದ ಉಪಕರಣಗಳು ಯಾವುವು, ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು ಯಾವುವು?

ಪ್ರಶ್ನೆ: ತಂಪುದಾರಿ

ಎಲ್ಲರಿಗೂ ನಮಸ್ಕಾರ. ಶೈತ್ಯೀಕರಣ ಮತ್ತು ಹವಾನಿಯಂತ್ರಣ ಯಂತ್ರಗಳನ್ನು ಸ್ಥಾಪಿಸುವ, ದುರಸ್ತಿ ಮಾಡುವ ಕೆಲಸಕ್ಕೆ ಈಚೆಗಷ್ಟೇ ಸೇರಿದ್ದೇನೆ. ಓದುವಾಗ ಒತ್ತಡ–ಎಂಥಾಲ್ಪಿ (ಒಂದು ಕಿಲೋ ವಸ್ತುವಿನಲ್ಲಿ ಅಡಗಿರುವ ಒಟ್ಟು ಶಾಖದ ಲೆಕ್ಕ) ನಕ್ಷೆಯ ಮೇಲೆ ಶೈತ್ಯೀಕರಣ ಚಕ್ರವನ್ನು ಗುರುತಿಸುವುದು ಕಷ್ಟವೆನಿಸಿರಲಿಲ್ಲ; ಆದರೆ ಯಂತ್ರದ ಮುಂದೆ ನಿಂತಾಗ ಆ ನಕ್ಷೆಯ ಯಾವ ಬಿಂದುವನ್ನು ಯಾವ ಉಪಕರಣದಿಂದ ಅಳೆಯಬೇಕು, ಅಳೆದದ್ದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದು ಇನ್ನೂ ಸ್ಪಷ್ಟವಾಗಿಲ್ಲ.

ಮ್ಯಾನಿಫೋಲ್ಡ್ ಗೇಜ್, ವ್ಯಾಕ್ಯೂಮ್ ಪಂಪ್, ಸ್ಪ್ಯಾನರ್‌ಗಳು, ಬ್ರೇಜಿಂಗ್ ಟಾರ್ಚ್ ಇವೆಲ್ಲ ಕೆಲಸದ ಕಡೆಯಿಂದಲೇ ಸಿಗುತ್ತವೆ. ಇವುಗಳ ಜೊತೆಗೆ ನಾನು ಸ್ವಂತಕ್ಕೆ ಏನನ್ನು ಮೊದಲು ಕೊಳ್ಳಬೇಕು? ನನ್ನೊಡನೆ ಕೆಲಸ ಮಾಡುವ ಹಿರಿಯರಲ್ಲಿ ಹಲವರು ಸಕ್ಷನ್ ಪೈಪನ್ನು, ಅಂದರೆ ಕಂಪ್ರೆಸರಿಗೆ ಆವಿ ಮರಳುವ ಪೈಪನ್ನು, ಕೈಯಿಂದ ಮುಟ್ಟಿ ನೋಡಿ, ಗೇಜಿನಲ್ಲಿ ಒತ್ತಡ ಕಡಿಮೆ ಕಂಡರೆ ಗ್ಯಾಸ್ (ಶೀತಕ) ಕಡಿಮೆಯಾಗಿದೆ ಎಂದು ತೀರ್ಮಾನಿಸುತ್ತಾರೆ. ವ್ಯಾಕ್ಯೂಮ್ ಮಾಡುವಾಗಲೂ ಗಡಿಯಾರ ನೋಡಿ, ಅರ್ಧ ಗಂಟೆ ಕಳೆದರೆ ಸಾಕು ಎನ್ನುತ್ತಾರೆ. ಅವರ ಕೈಗುಣದ ಬಗ್ಗೆ ನನಗೆ ಗೌರವವಿದೆ. ಆದರೂ ಈ ಎರಡು ಪದ್ಧತಿಗಳು ಸರಿಯೇ ಎಂಬ ಪ್ರಶ್ನೆ ಉಳಿದಿದೆ. ಅನುಭವವುಳ್ಳವರು ದಯವಿಟ್ಟು ಕಾರಣ ಸಹಿತ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ಮ್ಯಾನಿಫೋಲ್ಡ್

ತಂಪುದಾರಿ ಅವರೇ, ನೀವು ಮೊದಲು ಕೊಳ್ಳಬೇಕಾದದ್ದು ಪೈಪಿಗೆ ಹಿಡಿಸುವ ಎರಡು ಒಳ್ಳೆಯ ಕ್ಲ್ಯಾಂಪ್ ಥರ್ಮಾಮೀಟರ್‌ಗಳನ್ನು. ಬೇರೆಲ್ಲವೂ ಆಮೇಲೆ. ಒತ್ತಡವೊಂದನ್ನೇ ತೋರಿಸುವ ಗೇಜು ಅರ್ಧ ಮಾತನ್ನಷ್ಟೇ ಹೇಳುತ್ತದೆ. ಆ ಒತ್ತಡದಲ್ಲಿ ಶೀತಕ ಕುದಿಯುವ ತಾಪಮಾನಕ್ಕೂ ಪೈಪಿನ ನಿಜವಾದ ತಾಪಮಾನಕ್ಕೂ ಇರುವ ಅಂತರ ಗೊತ್ತಾದಾಗ ಮಾತ್ರ ಉಳಿದರ್ಧ ತಿಳಿಯುತ್ತದೆ. ಸಕ್ಷನ್ ಬದಿಯಲ್ಲಿ ಆ ಅಂತರವನ್ನು ಸೂಪರ್‌ಹೀಟ್ ಎನ್ನುತ್ತೇವೆ, ದ್ರವದ ಪೈಪಿನಲ್ಲಿ ಸಬ್‌ಕೂಲಿಂಗ್ ಎನ್ನುತ್ತೇವೆ.

ಸಕ್ಷನ್ ಒತ್ತಡ ಕಡಿಮೆಯಾದರೆ ಗ್ಯಾಸ್ ಕಡಿಮೆಯಾಗಿದೆ ಎಂಬ ತೀರ್ಮಾನವನ್ನೇ ತೆಗೆದುಕೊಳ್ಳೋಣ. ಸಕ್ಷನ್ ಒತ್ತಡ ಇಳಿಯುವುದಕ್ಕೆ ಕನಿಷ್ಠ ಮೂರು ಬೇರೆ ಬೇರೆ ಕಾರಣಗಳಿರಬಹುದು, ಮತ್ತು ಗೇಜಿನ ಮುಳ್ಳು ಮೂರರಲ್ಲೂ ಒಂದೇ ಕಡೆ ನಿಲ್ಲುತ್ತದೆ. ನಿಜಕ್ಕೂ ಗ್ಯಾಸ್ ಸೋರಿ ಹೋಗಿದ್ದರೆ ಇವ್ಯಾಪೊರೇಟರ್ (ಶೀತಕ ಕುದಿದು ಗಾಳಿಯನ್ನು ತಂಪಾಗಿಸುವ ಕಾಯಿಲ್) ಹಸಿದಿರುತ್ತದೆ, ಆದ್ದರಿಂದ ಸೂಪರ್‌ಹೀಟ್ ಹೆಚ್ಚಿರುತ್ತದೆ. ಕಂಡೆನ್ಸರಿನಲ್ಲಿ (ಆವಿ ಶಾಖ ಬಿಟ್ಟು ದ್ರವವಾಗುವ ಕಾಯಿಲ್) ದ್ರವ ನಿಲ್ಲುವಷ್ಟು ಇರುವುದಿಲ್ಲ, ಆದ್ದರಿಂದ ಸಬ್‌ಕೂಲಿಂಗ್ ತೀರಾ ಕಡಿಮೆಯಿರುತ್ತದೆ. ಫಿಲ್ಟರ್ ಡ್ರೈಯರ್ (ತೇವ, ಕಸ ಹಿಡಿಯುವ ಸೋಸುಕ) ಅಥವಾ ಕ್ಯಾಪಿಲರಿ (ಒತ್ತಡ ಇಳಿಸುವ ಸಣ್ಣ ಕೊಳವೆ) ಕಟ್ಟಿಕೊಂಡಿದ್ದರೆ ಸೂಪರ್‌ಹೀಟ್ ಹೆಚ್ಚೇ ಇರುತ್ತದೆ, ಆದರೆ ತಡೆಯ ಹಿಂದೆ ದ್ರವ ಶೇಖರವಾಗುವುದರಿಂದ ಸಬ್‌ಕೂಲಿಂಗ್ ಸಾಮಾನ್ಯವಾಗಿ ಅಥವಾ ಅದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಇನ್ನು ಗಾಳಿಯ ಫಿಲ್ಟರ್ ಕೊಳೆಯಾಗಿಯೋ ಬ್ಲೋವರ್ ನಿಧಾನವಾಗಿಯೋ ಇವ್ಯಾಪೊರೇಟರ್ ಮೇಲೆ ಗಾಳಿ ಸಾಲದೆ ಹೋದರೆ, ಕುದಿಯಲು ಬೇಕಾದ ಶಾಖವೇ ಸಿಗದೆ ಸೂಪರ್‌ಹೀಟ್ ಕುಸಿಯುತ್ತದೆ. ಈ ಮೂರನೆಯ ಸಂದರ್ಭದಲ್ಲಿ ಗ್ಯಾಸ್ ತುಂಬಿಸಿದರೆ ರೋಗ ಒಂದು, ಮದ್ದು ಇನ್ನೊಂದು ಎಂದಾಗುತ್ತದೆ. ಹೆಚ್ಚುವರಿ ದ್ರವ ನೇರ ಕಂಪ್ರೆಸರಿಗೆ ಹರಿದು ಅದರ ಎಣ್ಣೆಯನ್ನು ತೆಳುವಾಗಿಸಿ, ಬೇರಿಂಗುಗಳನ್ನೂ ವಾಲ್ವುಗಳನ್ನೂ ಹಾಳುಮಾಡುತ್ತದೆ. ಗ್ಯಾಸ್ ತುಂಬಿದ ಕೆಲವು ತಿಂಗಳಲ್ಲಿ ಕಂಪ್ರೆಸರ್ ಹೋಯಿತು ಎಂಬ ದೂರು ಬಂದಾಗ ನಾನು ಮೊದಲು ಅನುಮಾನಿಸುವುದು ಇದನ್ನೇ.

ಒಂದು ಉದಾಹರಣೆ ಕೊಡುತ್ತೇನೆ. ಆರ್-410ಎ ಯಂತ್ರದ ಸಕ್ಷನ್ ಗೇಜು 118 ಪಿಎಸ್‌ಐ ತೋರಿಸುತ್ತಿದೆ ಎಂದುಕೊಳ್ಳಿ. ಆ ಒತ್ತಡದಲ್ಲಿ ಅದರ ಕುದಿಬಿಂದು ಸುಮಾರು 4.5 ಡಿಗ್ರಿ ಸೆಲ್ಸಿಯಸ್. ಸಕ್ಷನ್ ಪೈಪಿನ ಮೇಲೆ ನಿಮ್ಮ ಕ್ಲ್ಯಾಂಪ್ 10 ಡಿಗ್ರಿ ತೋರಿಸಿದರೆ ಸೂಪರ್‌ಹೀಟ್ 5.5 ಡಿಗ್ರಿ; ಎಕ್ಸ್‌ಪಾನ್ಷನ್ ವಾಲ್ವ್ ಇರುವ ಯಂತ್ರಕ್ಕೆ ಇದು ಆರೋಗ್ಯದ ಲಕ್ಷಣ. ಅದೇ ಒತ್ತಡದಲ್ಲಿ ಪೈಪು 5 ಡಿಗ್ರಿ ಇದ್ದರೆ ದ್ರವ ಕಂಪ್ರೆಸರಿನ ಬಾಗಿಲಿಗೆ ಬಂದು ನಿಂತಿದೆ ಎಂದೇ ಅರ್ಥ. ಈ ಎರಡು ಪೈಪುಗಳನ್ನೂ ಕೈಯಿಂದ ಮುಟ್ಟಿದರೆ ಎರಡೂ ತಣ್ಣಗಿವೆ ಎಂದಷ್ಟೇ ಅನ್ನಿಸುತ್ತದೆ. ಎಷ್ಟೇ ನುರಿತ ಕೈಯಾದರೂ ಐದು ಡಿಗ್ರಿಯ ಅಂತರವನ್ನು ಖಚಿತವಾಗಿ ಹೇಳಲಾರದು.

ಕ್ಲ್ಯಾಂಪನ್ನು ಹಾಕುವ ಬಗೆಯೂ ಮುಖ್ಯ. ಪೈಪಿನ ಮೇಲಿನ ಬಣ್ಣ, ತುಕ್ಕು, ಅಂಟುಗಳನ್ನು ಉಜ್ಜಿ ತೆಗೆದು, ಕ್ಲ್ಯಾಂಪ್ ಹಿಡಿಸಿ, ಅದರ ಮೇಲೆ ಇನ್ಸುಲೇಷನ್ ತುಂಡೊಂದನ್ನು ಸುತ್ತಬೇಕು. ಇಲ್ಲದಿದ್ದರೆ ಸುತ್ತಲಿನ ಗಾಳಿಯ ತಾಪಮಾನವೂ ಅಳತೆಯಲ್ಲಿ ಬೆರೆಯುತ್ತದೆ. ದಪ್ಪ ಪೈಪಿನ ತಳಭಾಗದಲ್ಲಿ ಎಣ್ಣೆ ಹರಿಯುವುದರಿಂದ ಅಲ್ಲಿ ಹಾಕಬಾರದು. ದೂರದಿಂದ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹೊಳೆಯುವ ತಾಮ್ರದ ಮೇಲೆ ನಂಬಲೇಬೇಡಿ: ಹೊಳಪಿನ ಲೋಹ ತನ್ನ ಶಾಖವನ್ನು ಕಡಿಮೆ ಸೂಸಿ, ಸುತ್ತಲಿನ ವಸ್ತುಗಳ ಶಾಖವನ್ನು ಪ್ರತಿಫಲಿಸುತ್ತದೆ. ಅನಿವಾರ್ಯವಾದರೆ ಪೈಪಿಗೆ ಕಪ್ಪು ವಿದ್ಯುತ್ ಟೇಪ್ ಸುತ್ತಿ ಅದರ ಮೇಲೆ ಅಳೆಯಿರಿ.

ಆರ್-407ಸಿಯಂತಹ ಮಿಶ್ರಣಗಳಲ್ಲಿ ಇನ್ನೊಂದು ಎಚ್ಚರ ಬೇಕು. ಅದು ಒಂದೇ ಒತ್ತಡದಲ್ಲಿ ಕುದಿಯಲು ಆರಂಭಿಸುವ ತಾಪಮಾನಕ್ಕೂ ಪೂರ್ತಿ ಆವಿಯಾಗುವ ತಾಪಮಾನಕ್ಕೂ ಐದಾರು ಡಿಗ್ರಿಗಳ ವ್ಯತ್ಯಾಸವಿದೆ. ಮೊದಲನೆಯದು ಬಬಲ್ ಬಿಂದು, ಎರಡನೆಯದು ಡ್ಯೂ ಬಿಂದು. ಸೂಪರ್‌ಹೀಟ್ ಲೆಕ್ಕಕ್ಕೆ ಡ್ಯೂ ಬಿಂದುವನ್ನೂ, ಸಬ್‌ಕೂಲಿಂಗ್ ಲೆಕ್ಕಕ್ಕೆ ಬಬಲ್ ಬಿಂದುವನ್ನೂ ಬಳಸಬೇಕು. ಅದಲುಬದಲಾದರೆ ಇರುವ ಸೂಪರ್‌ಹೀಟ್ ಇಲ್ಲವೆಂದೋ ಇಲ್ಲದ್ದು ಇದೆಯೆಂದೋ ಕಾಣುತ್ತದೆ. ಇಂಥ ಮಿಶ್ರಣಗಳನ್ನು ಸಿಲಿಂಡರಿನಿಂದ ದ್ರವರೂಪದಲ್ಲೇ ತೆಗೆಯಬೇಕು, ಏಕೆಂದರೆ ಆವಿಯಾಗಿ ತೆಗೆದರೆ ಬೇಗ ಆವಿಯಾಗುವ ಘಟಕ ಮೊದಲು ಹೊರಬಂದು ಮಿಶ್ರಣದ ಪ್ರಮಾಣವೇ ಕೆಡುತ್ತದೆ.

ಇನ್ನು ಅಳತೆಯನ್ನು ಎಷ್ಟು ನಂಬಬೇಕು ಎಂಬ ನಿಮ್ಮ ಪ್ರಶ್ನೆ. ಇದನ್ನು ಕೇಳಿದ್ದು ನನಗೆ ತುಂಬ ಸಂತೋಷ ತಂದಿದೆ, ಏಕೆಂದರೆ ಹೆಚ್ಚಿನವರು ಕೇಳುವುದೇ ಇಲ್ಲ. ಥರ್ಮಾಮೀಟರನ್ನು ಪರೀಕ್ಷಿಸಲು ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪವೇ ಶುದ್ಧ ನೀರು ಹಾಕಿ ಕಲಕಿ, ಅದರಲ್ಲಿ ಪ್ರೋಬನ್ನು ಮುಳುಗಿಸಿ; ಸ್ಥಿರವಾದಾಗ ಅದು 0 ಡಿಗ್ರಿ ತೋರಿಸಬೇಕು. ನೀರಿಗೆ ಇಳಿಸಲಾಗದ ಕ್ಲ್ಯಾಂಪುಗಳಾದರೆ ಎರಡನ್ನೂ ಒಂದೇ ಪೈಪಿಗೆ ಅಕ್ಕಪಕ್ಕ ಹಾಕಿ ಹೋಲಿಸಬಹುದು. ಒತ್ತಡದ ಗೇಜನ್ನು ಪರೀಕ್ಷಿಸಲು ಸಿಲಿಂಡರೇ ಸಾಕು. ಒಂದೇ ಘಟಕವಿರುವ ಶೀತಕದ ಸಿಲಿಂಡರನ್ನು ಬಿಸಿಲು, ಗಾಳಿ ತಾಗದ ಕೋಣೆಯಲ್ಲಿ ಇಡೀ ರಾತ್ರಿ ಬಿಟ್ಟು, ಬೆಳಿಗ್ಗೆ ಅದರ ಮೈ ತಾಪಮಾನವನ್ನು ಅಳೆದು, ಗೇಜನ್ನು ಜೋಡಿಸಿ ನೋಡಿ. ಆರ್-134ಎ ಸಿಲಿಂಡರ್ 25 ಡಿಗ್ರಿಯಲ್ಲಿದ್ದರೆ ಸಮುದ್ರಮಟ್ಟದಲ್ಲಿ ಗೇಜು ಸುಮಾರು 5.6 ಬಾರ್ ತೋರಿಸಬೇಕು. ಬೇರೆ ಸಂಖ್ಯೆ ತೋರಿಸಿದರೆ ಗೇಜು ತಪ್ಪಿದೆ, ಇಲ್ಲವೇ ಸಿಲಿಂಡರಿನಲ್ಲಿ ಗಾಳಿಯೋ ಬೇರೆ ಗ್ಯಾಸೋ ಬೆರೆತಿದೆ. ಎರಡರಲ್ಲಿ ಯಾವುದಾದರೂ ಕೆಲಸಕ್ಕೆ ಹೊರಡುವ ಮೊದಲೇ ತಿಳಿಯುವುದು ಒಳ್ಳೆಯದು.

ಉತ್ತರ: ಗಾಳಿಮಾಪಕ

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕಿದೆ. ಎಲ್ಲ ಯಂತ್ರಕ್ಕೂ ಮೊದಲೇ ಗೇಜು ಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಹೋಸ್ ಜೋಡಿಸಿ ಬಿಚ್ಚಿದ ಪ್ರತಿ ಸಲವೂ ಒಂದಿಷ್ಟು ಶೀತಕ ಹೊರಹೋಗುತ್ತದೆ, ಒಂದಿಷ್ಟು ಗಾಳಿ ಮತ್ತು ತೇವ ಒಳಹೋಗುವ ಸಂಭವವಿರುತ್ತದೆ. ದೊಡ್ಡ ಯಂತ್ರದಲ್ಲಿ ಇದು ಲೆಕ್ಕಕ್ಕಿಲ್ಲದಿರಬಹುದು. ಆದರೆ ಮನೆಬಳಕೆಯ ರೆಫ್ರಿಜರೇಟರುಗಳಲ್ಲಿ ದಹನಶೀಲ ಹೈಡ್ರೋಕಾರ್ಬನ್ ಶೀತಕದ ಪ್ರಮಾಣಕ್ಕೆ 150 ಗ್ರಾಂ ಮಿತಿಯಿದೆ, ಎಷ್ಟೋ ಯಂತ್ರಗಳಲ್ಲಿ ಅದಕ್ಕಿಂತ ತೀರಾ ಕಡಿಮೆ ಇರುತ್ತದೆ. ಅಲ್ಲಿ ಉದ್ದನೆಯ ಹೋಸಿನಲ್ಲಿ ಉಳಿದುಹೋಗುವ ಕೆಲವೇ ಗ್ರಾಂ ಕೂಡ ಯಂತ್ರದ ವರ್ತನೆಯನ್ನು ಬದಲಿಸುತ್ತದೆ.

ಗಾಳಿಯಿಂದ ಆರಂಭಿಸಿ. ಫಿಲ್ಟರ್ ನೋಡಿ, ಕಾಯಿಲ್ ಮೇಲೆ ಟಾರ್ಚ್ ಬೆಳಕು ಬಿಟ್ಟು ನೋಡಿ, ಬ್ಲೋವರಿನ ರೆಕ್ಕೆಗಳಲ್ಲಿ ಧೂಳು ಕಟ್ಟಿದೆಯೇ ನೋಡಿ, ಕಂಡೆನ್ಸರಿನಿಂದ ಹೊರಬಂದ ಬಿಸಿಗಾಳಿ ತಿರುಗಿ ಅದರೊಳಗೇ ಹೋಗುತ್ತಿದೆಯೇ ನೋಡಿ. ಅನಂತರ ಒಳಹೋಗುವ ಮತ್ತು ಹೊರಬರುವ ಗಾಳಿಯ ಒಣ ತಾಪಮಾನದ ಜೊತೆಗೆ ತೇವ ಬಲ್ಬಿನ ತಾಪಮಾನವನ್ನೂ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ತಾಪಮಾನ) ಅಳೆಯಿರಿ. ಇದಕ್ಕೆ ಡಿಜಿಟಲ್ ಸೈಕ್ರೋಮೀಟರ್ ಸಾಕು, ಮತ್ತು ನನ್ನ ಪಟ್ಟಿಯಲ್ಲಿ ಅದಕ್ಕೆ ಎರಡನೆಯ ಸ್ಥಾನ.

ಒಣ ತಾಪಮಾನದ ಇಳಿಕೆಯೊಂದನ್ನೇ ನೋಡಿ ಯಂತ್ರ ಸರಿಯಿಲ್ಲ ಎನ್ನುವವರಿದ್ದಾರೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಯಂತ್ರದ ಸಾಮರ್ಥ್ಯದ ದೊಡ್ಡ ಪಾಲು ಆವಿಯನ್ನು ನೀರಾಗಿಸುವುದಕ್ಕೇ ವೆಚ್ಚವಾಗುತ್ತದೆ. ಆಗ ತಾಪಮಾನದ ಇಳಿಕೆ ಕಡಿಮೆ ಕಂಡರೂ ಯಂತ್ರ ಪೂರ್ತಿ ದುಡಿಯುತ್ತಿರುತ್ತದೆ. ತೇವ ಬಲ್ಬ್ ಈ ಎರಡೂ ಕೆಲಸಗಳನ್ನು ಸೇರಿಸಿ ಹೇಳುತ್ತದೆ. ಒಳಹೋಗುವ ಗಾಳಿಯ ತೇವ ಬಲ್ಬ್ 19 ಡಿಗ್ರಿ ಇದ್ದರೆ ಅದರ ಎಂಥಾಲ್ಪಿ ಕಿಲೋಗ್ರಾಮಿಗೆ ಸುಮಾರು 54 ಕಿಲೋಜೌಲ್. ಹೊರಬರುವ ಗಾಳಿಯದು 13.5 ಡಿಗ್ರಿ ಇದ್ದರೆ ಸುಮಾರು 38. ವ್ಯತ್ಯಾಸ 16. ಸೆಕೆಂಡಿಗೆ 0.22 ಕಿಲೋಗ್ರಾಂ ಗಾಳಿ ಹರಿಯುತ್ತಿದ್ದರೆ ಯಂತ್ರ 3.5 ಕಿಲೋವ್ಯಾಟ್, ಅಂದರೆ ಒಂದು ಟನ್ ಶಾಖವನ್ನು ತೆಗೆಯುತ್ತಿದೆ. ಗೇಜನ್ನು ಮುಟ್ಟದೆಯೇ ಯಂತ್ರದ ಸಾಮರ್ಥ್ಯ ಕೈಗೆ ಸಿಕ್ಕಿತು. ಗಾಳಿಯ ಹರಿವನ್ನು ಅನಿಮೋಮೀಟರಿನಿಂದ ಅಳೆಯುವಾಗ ಗ್ರಿಲ್ಲಿನ ಒಂದೇ ಜಾಗದಲ್ಲಿ ಹಿಡಿಯದೆ, ಇಡೀ ಮೈಯನ್ನು ಚೌಕಗಳಾಗಿ ಭಾವಿಸಿ ಪ್ರತಿ ಚೌಕದಲ್ಲೂ ಅಳೆದು ಸರಾಸರಿ ತೆಗೆಯಬೇಕು. ಇಷ್ಟಾದ ಮೇಲೂ ಅನುಮಾನ ಉಳಿದರೆ ಗೇಜು ಹಾಕಿ, ಅದೂ ಸಾಧ್ಯವಾದರೆ ಹೋಸ್ ಇಲ್ಲದೆ ನೇರವಾಗಿ ಸರ್ವಿಸ್ ಪೋರ್ಟಿಗೆ ಕೂರುವ ನಿಸ್ತಂತು ಪ್ರೋಬನ್ನು.

ಉತ್ತರ: ನಿರ್ವಾತ

ವ್ಯಾಕ್ಯೂಮ್ ಬಗೆಗಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅರ್ಧ ಗಂಟೆ ಎಂಬುದು ಅಳತೆಯೇ ಅಲ್ಲ. ಪಂಪಿನ ಎಣ್ಣೆ ಹಳೆಯದಾಗಿದ್ದರೆ, ಹೋಸ್ ಸೋರುತ್ತಿದ್ದರೆ, ಪೈಪಿನಲ್ಲಿ ನೀರಿದ್ದರೆ ಮೂರು ಗಂಟೆಯೂ ಸಾಲದು. ಎಲ್ಲ ಸರಿಯಿದ್ದರೆ ಚಿಕ್ಕ ಯಂತ್ರಕ್ಕೆ ಹದಿನೈದು ನಿಮಿಷವೂ ಸಾಕಾಗಬಹುದು. ಮ್ಯಾನಿಫೋಲ್ಡಿನ ಸಾಮಾನ್ಯ ಗೇಜು ಇದನ್ನು ತೋರಿಸಲಾರದು. ವ್ಯಾಕ್ಯೂಮನ್ನು ಅಳೆಯುವ ಮಾನ ಮೈಕ್ರಾನ್, ಅಂದರೆ ಪಾದರಸದ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ವಾಯುಮಂಡಲದ ಒತ್ತಡ 7,60,000 ಮೈಕ್ರಾನ್. ನಮಗೆ ಬೇಕಾದದ್ದು 500 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ. ಆ ಗೇಜಿನ ಮುಳ್ಳು 5,000ದಲ್ಲೂ 500ರಲ್ಲೂ ಒಂದೇ ಗೆರೆಯ ಮೇಲಿರುತ್ತದೆ. ಆದ್ದರಿಂದ ಮೈಕ್ರಾನ್ ಗೇಜ್ ಇಲ್ಲದೆ ವ್ಯಾಕ್ಯೂಮ್ ಆಯಿತೆಂದು ಹೇಳುವುದು ಬರೀ ಅಂದಾಜು.

ಒಳಗಿನ ನೀರು ಆವಿಯಾಗಿ ಹೊರಬರುವುದು ವ್ಯಾಕ್ಯೂಮಿನ ಮುಖ್ಯ ಉದ್ದೇಶಗಳಲ್ಲೊಂದು. 25 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಒತ್ತಡ ಸುಮಾರು 23,800 ಮೈಕ್ರಾನಿಗಿಂತ ಕೆಳಗಿಳಿಯಬೇಕು. ಎಣ್ಣೆಯೊಳಗೆ ಸೇರಿಕೊಂಡ ತೇವ ಅಷ್ಟಕ್ಕೆ ಬಿಡುವುದಿಲ್ಲ. ಈಗಿನ ಯಂತ್ರಗಳಲ್ಲಿ ಬಳಸುವ ಪಾಲಿಯೋಲ್ ಎಸ್ಟರ್ ಎಣ್ಣೆ ಗಾಳಿಯ ತೇವವನ್ನು ಬಲು ಬೇಗ ಹೀರುತ್ತದೆ ಮತ್ತು ಆ ನೀರಿನೊಂದಿಗೆ ವರ್ತಿಸಿ ಆಮ್ಲವಾಗುತ್ತದೆ. ಎಣ್ಣೆಯ ಡಬ್ಬಿಯ ಮುಚ್ಚಳವನ್ನು ಸುರಿಯುವ ಕ್ಷಣದವರೆಗೂ ತೆರೆಯಬಾರದು ಎಂಬ ಅಭ್ಯಾಸಕ್ಕೆ ಇದೇ ಕಾರಣ. ಪೈಪಿನ ಬಾಯಿಗಳನ್ನೂ ಅಷ್ಟೇ: ಕೆಲಸ ನಿಂತ ಕೂಡಲೇ ಮುಚ್ಚಬೇಕು.

ಮೈಕ್ರಾನ್ ಗೇಜಿನ ಜೊತೆಗೇ ವಾಲ್ವ್ ಕೋರ್ ತೆಗೆಯುವ ಉಪಕರಣವನ್ನು ಕೊಳ್ಳಿ. ಸರ್ವಿಸ್ ಪೋರ್ಟಿನೊಳಗಿನ ಶ್ರೇಡರ್ ಕೋರ್ (ಟೈರಿನ ವಾಲ್ವಿನಲ್ಲಿರುವಂಥ ಸ್ಪ್ರಿಂಗ್ ಮುಚ್ಚಳ) ಹೊರನೋಟಕ್ಕೆ ಚಿಕ್ಕದು, ಆದರೆ ವ್ಯಾಕ್ಯೂಮಿನ ದಾರಿಯಲ್ಲಿ ಅದಕ್ಕಿಂತ ದೊಡ್ಡ ತಡೆ ಇನ್ನೊಂದಿಲ್ಲ. ಅದನ್ನು ತೆಗೆದು, ಮ್ಯಾನಿಫೋಲ್ಡನ್ನು ಬದಿಗಿಟ್ಟು, ದಪ್ಪನೆಯ ಗಿಡ್ಡ ಹೋಸಿನಿಂದ ಪಂಪನ್ನು ನೇರ ಜೋಡಿಸಿ. ಇಷ್ಟು ಕಡಿಮೆ ಒತ್ತಡದಲ್ಲಿ ಹೋಸಿನ ಒಳವ್ಯಾಸ ಇಮ್ಮಡಿಯಾದರೆ ಹರಿವು ಕನಿಷ್ಠ ಎಂಟು ಪಟ್ಟಾಗುತ್ತದೆ. ಹಾಗಾಗಿ ದೊಡ್ಡ ಪಂಪಿಗೆ ವೆಚ್ಚ ಮಾಡುವುದಕ್ಕಿಂತ ದಪ್ಪ ಹೋಸಿಗೆ ವೆಚ್ಚ ಮಾಡುವುದು ಮೇಲು. ಗೇಜನ್ನು ಪಂಪಿನ ಪಕ್ಕ ಹಾಕಬೇಡಿ, ಅಲ್ಲಿ ಅದು ಪಂಪಿನ ಒತ್ತಡವನ್ನಷ್ಟೇ ಹೇಳುತ್ತದೆ. ಪಂಪಿನಿಂದ ಯಂತ್ರದ ಅತ್ಯಂತ ದೂರದ ತುದಿಯಲ್ಲಿ ಹಾಕಿ. ಪಂಪಿನ ಎಣ್ಣೆಯನ್ನು ಕೆಲಸ ಮುಗಿದೊಡನೆ, ಇನ್ನೂ ಬಿಸಿಯಿರುವಾಗಲೇ ಬದಲಿಸಿದರೆ ತೇವವೂ ಕಲ್ಮಷವೂ ಅದರೊಂದಿಗೇ ಹೊರಹೋಗುತ್ತವೆ.

ವ್ಯಾಕ್ಯೂಮಿಗೂ ಮೊದಲಿನ ಹೆಜ್ಜೆ ನೈಟ್ರೋಜನ್ನಿನದು. ಬ್ರೇಜಿಂಗ್ ಮಾಡುವಾಗ ಪೈಪಿನೊಳಗೆ ಗಾಳಿಯಿದ್ದರೆ ಕಾದ ತಾಮ್ರದ ಒಳಮೈ ಮೇಲೆ ಕಪ್ಪು ಆಕ್ಸೈಡ್ ಪೊರೆ ಏಳುತ್ತದೆ. ಶೀತಕವೂ ಎಣ್ಣೆಯೂ ಅದನ್ನು ತೊಳೆದು ಒಯ್ದು ಎಕ್ಸ್‌ಪಾನ್ಷನ್ ವಾಲ್ವಿನ ಜಾಲರಿಯಲ್ಲಿ, ಕ್ಯಾಪಿಲರಿಯಲ್ಲಿ ಸಿಕ್ಕಿಸುತ್ತವೆ. ಬೆಸುಗೆ ಹಾಕುವಷ್ಟೂ ಹೊತ್ತು ನೈಟ್ರೋಜನ್ ತೀರಾ ಮೆಲ್ಲಗೆ, ಅಂಗೈಗೆ ತಾಗಿಯೂ ತಾಗದಂತೆ ಹರಿಯುತ್ತಿರಬೇಕು. ಹೊರಹೋಗುವ ದಾರಿ ಎಲ್ಲಾದರೂ ತೆರೆದಿರಲೇಬೇಕು: ಕೊನೆಯ ಜೋಡಣೆಯನ್ನು ಮುಚ್ಚುವಾಗ ಒಳಗೆ ಒತ್ತಡ ಉಳಿದರೆ ಅದು ಕರಗಿದ ಬೆಸುಗೆಯನ್ನು ಒಳಗಿನಿಂದ ತಳ್ಳಿ, ಕಣ್ಣಿಗೆ ಕಾಣದ ಸೂಜಿರಂಧ್ರವನ್ನು ಬಿಡುತ್ತದೆ.

ಅನಂತರ ಒತ್ತಡದ ಪರೀಕ್ಷೆ. ನೈಟ್ರೋಜನ್ ಸಿಲಿಂಡರಿಗೆ ರೆಗ್ಯುಲೇಟರ್ ಕಡ್ಡಾಯ, ಯಂತ್ರದ ನಾಮಫಲಕದಲ್ಲಿರುವ ಮಿತಿಯನ್ನು ಮೀರುವಂತಿಲ್ಲ. ಆಕ್ಸಿಜನ್ನನ್ನು ಯಾವ ಕಾರಣಕ್ಕೂ ಬಳಸಬಾರದು. ಒತ್ತಡದಲ್ಲಿರುವ ಆಕ್ಸಿಜನ್ ಕಂಪ್ರೆಸರ್ ಎಣ್ಣೆಗೆ ತಾಗಿದರೆ ಸ್ಫೋಟವಾಗುತ್ತದೆ, ಇದರಿಂದ ಜನ ಪ್ರಾಣ ಕಳೆದುಕೊಂಡಿದ್ದಾರೆ. ಒತ್ತಡ ಹಾಕಿ ಗಂಟೆಗಟ್ಟಲೆ ಬಿಡುವಾಗ ತಾಪಮಾನವನ್ನೂ ಬರೆದಿಡಿ. 30 ಡಿಗ್ರಿಯಲ್ಲಿ ಗೇಜು 300 ಪಿಎಸ್‌ಐ ಇದ್ದು ರಾತ್ರಿ 25 ಡಿಗ್ರಿಗೆ ಇಳಿದರೆ, ಎಲ್ಲೂ ಸೋರದಿದ್ದರೂ ಗೇಜು ಸುಮಾರು 295 ತೋರಿಸುತ್ತದೆ. ಈ ಲೆಕ್ಕವನ್ನು ನಿರಪೇಕ್ಷ ಒತ್ತಡ ಮತ್ತು ಕೆಲ್ವಿನ್ ತಾಪಮಾನದಲ್ಲೇ ಮಾಡಬೇಕು. ಇದು ತಿಳಿಯದೆ ಇಲ್ಲದ ಲೀಕಿಗಾಗಿ ಗೋಡೆ ಒಡೆಸಿದ ಸಂದರ್ಭಗಳುಂಟು.

ಉತ್ತರ: ಮೂರು ಫೇಸ್

ಎಲ್ಲರೂ ಗ್ಯಾಸಿನ ಬದಿಯನ್ನೇ ಹೇಳಿದ್ದಾರೆ. ದೂರುಗಳ ದೊಡ್ಡ ಪಾಲು ವಿದ್ಯುತ್ ಬದಿಯಿಂದ ಬರುತ್ತದೆ ಎಂಬುದನ್ನು ಮರೆಯಬಾರದು. ನನ್ನ ಪ್ರಕಾರ ಮೈಕ್ರಾನ್ ಗೇಜಿಗಿಂತ ಮೊದಲು ಬರಬೇಕಾದದ್ದು ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಮೀಟರ್, ಅಂದರೆ ಅಲೆಯ ಆಕಾರ ಹೇಗಿದ್ದರೂ ಪ್ರವಾಹವನ್ನು ಸರಿಯಾಗಿ ಅಳೆಯುವ ಮೀಟರ್. ಇನ್ವರ್ಟರ್ ಯಂತ್ರಗಳಲ್ಲಿ ವಿದ್ಯುತ್ ಪ್ರವಾಹದ ಅಲೆ ಶುದ್ಧ ಸೈನ್ ಅಲೆಯಾಗಿರುವುದಿಲ್ಲ, ಸರಾಸರಿಯನ್ನು ಅಳೆದು ಗುಣಿಸಿ ತೋರಿಸುವ ಸಾದಾ ಮೀಟರುಗಳು ಅಲ್ಲಿ ತಪ್ಪು ಸಂಖ್ಯೆ ಕೊಡುತ್ತವೆ.

ರನ್ ಕೆಪ್ಯಾಸಿಟರನ್ನು ಬಿಚ್ಚದೆ, ಯಂತ್ರ ಓಡುತ್ತಿರುವಾಗಲೇ ಪರೀಕ್ಷಿಸುವ ವಿಧಾನ ಎಲ್ಲರಿಗೂ ಗೊತ್ತಿರಬೇಕು. ಸ್ಟಾರ್ಟ್ ವೈಂಡಿಂಗಿನ ತಂತಿಯಲ್ಲಿ ಹರಿಯುವ ಆಂಪಿಯರನ್ನು 3183ರಿಂದ ಗುಣಿಸಿ, ಕೆಪ್ಯಾಸಿಟರಿನ ಎರಡು ತುದಿಗಳ ನಡುವಿನ ವೋಲ್ಟಿನಿಂದ ಭಾಗಿಸಿದರೆ ಮೈಕ್ರೋಫ್ಯಾರಡ್ ಸಿಗುತ್ತದೆ. ಇದು 50 ಹರ್ಟ್ಸ್ ಪೂರೈಕೆಗೆ. 60 ಹರ್ಟ್ಸ್ ಇರುವಲ್ಲಿ ಗುಣಕ 2652. ಪ್ರವಾಹ 3.4 ಆಂಪಿಯರ್, ವೋಲ್ಟೇಜ್ 300 ಇದ್ದರೆ ಉತ್ತರ 36. ಮೈಮೇಲೆ 35 ಎಂದು ಬರೆದಿದ್ದರೆ ಅದು ಸರಿಯಿದೆ. 28 ಬಂದಿದ್ದರೆ ಕಂಪ್ರೆಸರ್ ಬಿಸಿಯಾಗಿ ನಿಲ್ಲುವುದಕ್ಕೆ ಕಾರಣ ಸಿಕ್ಕಂತೆಯೇ.

ಮುಟ್ಟುವ ಮುನ್ನದ ಅಭ್ಯಾಸ ಹೀಗಿರಲಿ: ಮೀಟರನ್ನು ಮೊದಲು ವಿದ್ಯುತ್ ಇರುವುದು ಖಚಿತವಾದ ಜಾಗದಲ್ಲಿ ಪರೀಕ್ಷಿಸಿ; ಸ್ವಿಚ್ ಆರಿಸಿ, ಬೀಗ ಹಾಕಿ, ನಿಮ್ಮ ಹೆಸರಿನ ಚೀಟಿ ತೂಗುಹಾಕಿ; ಕೆಲಸದ ಜಾಗದಲ್ಲಿ ಸೊನ್ನೆ ಇದೆಯೇ ನೋಡಿ; ಮತ್ತೆ ಮೊದಲಿನ ಜಾಗಕ್ಕೆ ಹೋಗಿ ಮೀಟರ್ ಇನ್ನೂ ಕೆಲಸ ಮಾಡುತ್ತಿದೆಯೇ ನೋಡಿ. ಈ ಕೊನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಮೀಟರಿನ ಫ್ಯೂಸ್ ಅಥವಾ ತಂತಿ ನಡುವೆ ಕೆಟ್ಟಿದ್ದರೆ ಸೊನ್ನೆಯೂ ಸುಳ್ಳಾಗಿರುತ್ತದೆ. ಇನ್ವರ್ಟರ್ ಬೋರ್ಡಿನಲ್ಲಿ ವಿದ್ಯುತ್ ಆರಿಸಿದ ಮೇಲೂ ದೊಡ್ಡ ಕೆಪ್ಯಾಸಿಟರುಗಳು ಚಾರ್ಜ್ ಹಿಡಿದಿರುತ್ತವೆ. ಮುಚ್ಚಳದ ಮೇಲೆ ಬರೆದಷ್ಟು ನಿಮಿಷ ಕಾದು, ಡಿಸಿ ಬಸ್ (ಆ ಕೆಪ್ಯಾಸಿಟರುಗಳು ಜೋಡಣೆಯಾಗಿರುವ ನೇರ ವಿದ್ಯುತ್ತಿನ ಮಾರ್ಗ) ಅಳೆದೇ ಕೈಯಿಡಬೇಕು. ಮೂರು ಫೇಸಿನ ಸ್ಕ್ರಾಲ್ ಕಂಪ್ರೆಸರ್ ಜೋಡಿಸಿದಾಗ ಗದ್ದಲ ಮಾಡುತ್ತಾ, ಎರಡೂ ಬದಿಯ ಒತ್ತಡಗಳು ಬೇರೆಯಾಗದಿದ್ದರೆ ಅದು ಹಿಂದುಮುಂದಾಗಿ ತಿರುಗುತ್ತಿದೆ ಎಂದರ್ಥ. ಫೇಸ್ ಸೀಕ್ವೆನ್ಸ್ ಮೀಟರ್ ಇದ್ದರೆ ಅದನ್ನು ಓಡಿಸುವ ಮೊದಲೇ ತಿಳಿಯಬಹುದು.

ವೈರ್ ಬಿಚ್ಚುವ ಮುನ್ನ ಫೋಟೋ ತೆಗೆಯುವುದನ್ನು ಹೇಳಬೇಕಾಗಿಲ್ಲ ಎಂದುಕೊಳ್ಳುತ್ತೇನೆ.

ಉತ್ತರ: ವಿನ್ಯಾಸದ ಮೇಜು

ಫೋನಿನಲ್ಲಿ ಒತ್ತಡ–ತಾಪಮಾನದ ಕೋಷ್ಟಕ ಇಟ್ಟುಕೊಳ್ಳಿ. ಡ್ಯಾನ್‌ಫಾಸ್ ಸಂಸ್ಥೆಯ ರೆಫ್ ಟೂಲ್ಸ್ ಆ್ಯಪ್ ಇದಕ್ಕೆ ಅನುಕೂಲ. ಮೇಜಿನ ಮುಂದೆ ಕೂತು ಲೆಕ್ಕ ಮಾಡುವವರಾದರೆ ಕೂಲ್‌ಪ್ರಾಪ್ ಎಂಬ ಮುಕ್ತ ತಂತ್ರಾಂಶವಿದೆ. ಪೈಥಾನ್ ಅಥವಾ ಎಕ್ಸೆಲ್ ಒಳಗಿನಿಂದಲೇ ಶೀತಕಗಳ ಎಂಥಾಲ್ಪಿ, ಎಂಟ್ರೊಪಿ, ಸಾಂದ್ರತೆಗಳನ್ನು ಕೊಡುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿ ಯಂತ್ರಕ್ಕೂ ಒಂದು ದಾಖಲೆಯ ಹಾಳೆ ಇರಲಿ. ಹೊಸ ಯಂತ್ರವನ್ನು ಓಡಿಸಿದ ದಿನ ಹತ್ತು ಹದಿನೈದು ನಿಮಿಷ ಸ್ಥಿರವಾಗಲು ಬಿಟ್ಟು, ಎರಡೂ ಒತ್ತಡಗಳು, ಸೂಪರ್‌ಹೀಟ್, ಸಬ್‌ಕೂಲಿಂಗ್, ಗಾಳಿಯ ನಾಲ್ಕು ತಾಪಮಾನಗಳು, ಹೊರಗಿನ ತಾಪಮಾನ, ಆಂಪಿಯರ್, ತುಂಬಿದ ಶೀತಕದ ತೂಕ ಇಷ್ಟನ್ನು ಬರೆದು, ಒಂದು ಪ್ರತಿಯನ್ನು ಯಂತ್ರದ ಮುಚ್ಚಳದ ಒಳಗೇ ಅಂಟಿಸಿ. ಎರಡು ವರ್ಷದ ಬಳಿಕ ಬಂದವರಿಗೆ ಸಬ್‌ಕೂಲಿಂಗ್ ಆರರಿಂದ ಎರಡಕ್ಕೆ ಇಳಿದಿದೆ ಎಂಬುದು ಕಂಡರೆ ಸೋರಿಕೆ ಹುಡುಕುವುದೋ ಬೇಡವೋ ಎಂಬ ಚರ್ಚೆಯೇ ಬೇಕಾಗುವುದಿಲ್ಲ.

ಶೀತಕವನ್ನು ತೂಕದ ಯಂತ್ರವಿಲ್ಲದೆ ತುಂಬಬೇಡಿ, ಗಾಳಿಗೂ ಬಿಡಬೇಡಿ. ಓಜೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 2016ರ ಕಿಗಾಲಿ ತಿದ್ದುಪಡಿ ಎಚ್‌ಎಫ್‌ಸಿಗಳನ್ನೂ (ಆರ್-410ಎಯಂಥ ಹೈಡ್ರೋಫ್ಲೋರೋಕಾರ್ಬನ್ ಶೀತಕಗಳು) ಅದರ ವ್ಯಾಪ್ತಿಗೆ ತಂದಿತು. ಕಾರಣವನ್ನು ಅಂಕಿಗಳೇ ಹೇಳುತ್ತವೆ: ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ಐಪಿಸಿಸಿಯ ನಾಲ್ಕನೆಯ ವರದಿಯ ಲೆಕ್ಕದಲ್ಲಿ ಒಂದು ಕಿಲೋ ಆರ್-410ಎ ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ನೂರು ವರ್ಷದ ಅವಧಿಯಲ್ಲಿ 2,088 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ, ಆರ್-404ಎ 3,922 ಕಿಲೋಗೆ ಸಮ. ಮರಳಿ ಸಂಗ್ರಹಿಸುವ ಸಿಲಿಂಡರನ್ನು ಶೇಕಡಾ 80ಕ್ಕಿಂತ ಹೆಚ್ಚು ತುಂಬಬಾರದು. ಬಿಸಿಯಾದಾಗ ದ್ರವ ಹಿಗ್ಗಲು ಜಾಗ ಬೇಕು.

ಆರ್-32 ಅಲ್ಪ ದಹನಶೀಲ, ಆರ್-290 ಪ್ರೊಪೇನ್ ಆದ್ದರಿಂದ ಪೂರ್ತಿ ದಹನಶೀಲ. ಇಂಥ ಯಂತ್ರದ ಹಳೆಯ ಬೆಸುಗೆಯನ್ನು ಜ್ವಾಲೆಯಿಂದ ಬಿಡಿಸಲು ಹೋಗಬಾರದು. ಗ್ಯಾಸನ್ನು ಸಂಗ್ರಹಿಸಿ, ನೈಟ್ರೋಜನ್ನಿನಿಂದ ತೊಳೆದು, ಟ್ಯೂಬ್ ಕಟರಿನಿಂದ ಕತ್ತರಿಸಿ ತೆಗೆಯಿರಿ. ಕೋಣೆಯ ಕಿಟಕಿ ಬಾಗಿಲು ತೆರೆದಿರಲಿ.

ಮರುಪ್ರಶ್ನೆ: ತಂಪುದಾರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕ್ಲ್ಯಾಂಪ್ ಥರ್ಮಾಮೀಟರ್ ಮತ್ತು ಕ್ಲ್ಯಾಂಪ್ ಮೀಟರನ್ನು ಮೊದಲು ಕೊಳ್ಳುತ್ತೇನೆ. ಮೈಕ್ರಾನ್ ಗೇಜನ್ನು ಸದ್ಯಕ್ಕೆ ಸಹೋದ್ಯೋಗಿಯೊಬ್ಬರಿಂದ ಎರವಲು ಪಡೆದು ಬಳಸಿದೆ. ಒತ್ತಡ 450ಕ್ಕೆ ಇಳಿಯಿತು. ಪಂಪಿನ ಕಡೆಯ ವಾಲ್ವನ್ನು ಮುಚ್ಚಿದೊಡನೆ ಏರತೊಡಗಿ, 1,600ರ ಹತ್ತಿರ ಬಂದು ಅಲ್ಲೇ ನಿಂತಿತು. ಇದು ಲೀಕೋ, ಬೇರೆ ಏನಾದರೂ ಇರಬಹುದೋ? ನಿರ್ವಾತ ಅವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿರ್ವಾತ

ಏರಿದ್ದಕ್ಕಿಂತ ಎಲ್ಲಿ ನಿಂತಿತು ಎಂಬುದು ಇಲ್ಲಿ ಮುಖ್ಯ, ಅದನ್ನು ನೀವು ಗಮನಿಸಿದ್ದೀರಿ. ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಬರುತ್ತಲೇ ಇರುವುದರಿಂದ ಸಂಖ್ಯೆ ನಿಲ್ಲದೆ ಏರುತ್ತಾ ಹೋಗುತ್ತದೆ. ಸ್ವಲ್ಪ ಏರಿ ಒಂದು ಮಟ್ಟದಲ್ಲಿ ಸಮವಾಗಿ ನಿಂತರೆ ಒಳಗೆ ತೇವ ಉಳಿದಿದೆ, ಅಥವಾ ಎಣ್ಣೆಯಲ್ಲಿ ಕರಗಿದ್ದ ಹಳೆಯ ಶೀತಕ ಹೊರಬರುತ್ತಿದೆ ಎಂದು ತಿಳಿಯಬೇಕು. ನಿಮ್ಮದು ಎರಡನೆಯ ಬಗೆ. ಆದರೂ ಗೇಜು ಮತ್ತು ಕೋರ್ ಉಪಕರಣದ ಜೋಡಣೆಗಳಲ್ಲಿನ ರಬ್ಬರ್ ವಾಷರುಗಳನ್ನು ಒಮ್ಮೆ ನೋಡಿ ಖಚಿತಪಡಿಸಿಕೊಳ್ಳಿ.

ಈಗ ಪಂಪನ್ನು ಮತ್ತಷ್ಟು ಹೊತ್ತು ಓಡಿಸುವುದಕ್ಕಿಂತ ಒಣ ನೈಟ್ರೋಜನ್ ಬಿಟ್ಟು ವ್ಯಾಕ್ಯೂಮನ್ನು ಮುರಿಯುವುದು ಒಳ್ಳೆಯದು. ಒತ್ತಡವನ್ನು ವಾಯುಮಂಡಲಕ್ಕಿಂತ ತುಸು ಮೇಲಕ್ಕೆ ತಂದು, ಕೆಲವು ನಿಮಿಷ ಬಿಟ್ಟು, ಹೊರಬಿಟ್ಟು, ಪಂಪಿನ ಎಣ್ಣೆ ಬದಲಿಸಿ, ಮತ್ತೆ ಎಳೆಯಿರಿ. ನೈಟ್ರೋಜನ್ ಆವಿಯನ್ನು ಗುಡಿಸಿಕೊಂಡು ಹೊರಬರುತ್ತದೆ. ನೀರು ಹೆಚ್ಚಿದ್ದರೆ ಇನ್ನೊಂದು ತೊಡಕಿದೆ: ಒತ್ತಡ 4,580 ಮೈಕ್ರಾನಿಗಿಂತ ಬೇಗ ಕೆಳಗಿಳಿದರೆ ಕುದಿಯುವ ನೀರು ತನ್ನ ಶಾಖವನ್ನೇ ಕಳೆದುಕೊಂಡು ಒಳಗೇ ಮಂಜುಗಡ್ಡೆಯಾಗುತ್ತದೆ, ಆಮೇಲೆ ಅದು ಹೊರಬರುವುದು ಬಲು ನಿಧಾನ. ಅಂಥ ಅನುಮಾನವಿದ್ದರೆ ಪೈಪಿನ ತಗ್ಗಿನ ಭಾಗಗಳಿಗೆ ಬಿಸಿಗಾಳಿ ಹಾಯಿಸಿ, ಕಂಪ್ರೆಸರಿನ ತಳಕ್ಕೆ ಕ್ರ್ಯಾಂಕ್‌ಕೇಸ್ ಹೀಟರ್ ಇದ್ದರೆ ಅದನ್ನು ಹಚ್ಚಿಡಿ. ವ್ಯಾಕ್ಯೂಮಿನಲ್ಲಿರುವಾಗ ಕಂಪ್ರೆಸರನ್ನು ಮಾತ್ರ ಓಡಿಸಬಾರದು. ಮೋಟಾರಿನ ವಿದ್ಯುತ್ ನಿರೋಧಕತೆ ಆಗ ತೀರಾ ಕಡಿಮೆಯಿದ್ದು, ವೈಂಡಿಂಗ್ ಸುಟ್ಟುಹೋಗಬಹುದು.

ಈ ಆವರ್ತನೆಯನ್ನು ಮೂರು ಸಲ ಮಾಡಿದ ಮೇಲೆ ವಾಲ್ವ್ ಮುಚ್ಚಿ ಹತ್ತು ನಿಮಿಷ ನೋಡಿ. ಸಂಖ್ಯೆ 500ರ ಆಸುಪಾಸಿನಲ್ಲೇ ಉಳಿದರೆ ಹಾಳೆಯಲ್ಲಿ ಬರೆದುಕೊಂಡು ಮುಂದುವರಿಯಿರಿ. ಶೀತಕ ಬಿಡುವ ಮೊದಲು ಮೈಕ್ರಾನ್ ಗೇಜಿನ ಮುಂದಿನ ವಾಲ್ವನ್ನು ಮುಚ್ಚಿ. ಅದರ ಸಂವೇದಕಕ್ಕೆ ಎಣ್ಣೆ ಸಿಡಿದರೆ ಮುಂದಿನ ಕೆಲಸದಲ್ಲಿ ಅದು ಕೊಡುವ ಅಳತೆ ನಂಬಲರ್ಹವಾಗಿರುವುದಿಲ್ಲ.